ಎನ್‌ಫೀಲ್ಡ್ ತೋಟಾದ ಕಾಗದ ಮತ್ತು ಜಿಡ್ಡು

ಗದಗಿನ ಇತಿಹಾಸಾಸಕ್ತ ಬಂಧುಗಳೇ,

1857ರ ಮಾತು ಬಂದರೆ 'ಕೊಬ್ಬು ಸವರಿದ ತೋಟಾ' ಎಂದಷ್ಟೇ ಹೇಳಿ ಮುಂದಕ್ಕೆ ಹೋಗುತ್ತೇವೆ. ತೋಟಾ ಅಂದರೆ ಗುಂಡು, ಮದ್ದು ಎರಡನ್ನೂ ಸುತ್ತಿಟ್ಟ ಕಾಗದದ ಕೊಳವೆ. ನಮ್ಮ ಭಾಗದ ಬಂಡಾಯಗಳಿಗೆ ಈ ತೋಟಾ ಕಾರಣವಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಹಲಗಲಿಯ ಬೇಡರು ಎದ್ದದ್ದು ಆಯುಧ ಒಪ್ಪಿಸಬೇಕೆಂಬ ಕಾಯ್ದೆಯ ವಿರುದ್ಧ. ನರಗುಂದದ ಅರಸ ಬಾಬಾಸಾಹೇಬರಿಗೆ ಬ್ರಿಟಿಷರು ದತ್ತಕ ನಿರಾಕರಿಸಿದ ನೋವಿತ್ತು. ತೋಟಾಕ್ಕೆ ಹಸು, ಹಂದಿಯ ಕೊಬ್ಬು ಸವರಿದ್ದಾರೆಂಬ ತಕರಾರು ಕಂಪನಿಯ ಬಂಗಾಳದ ಸೇನೆಯ ಸಿಪಾಯಿಗಳದು. ಅದು ಎಷ್ಟು ನ್ಯಾಯವಾಗಿತ್ತೆಂದು ತಿಳಿಯಬೇಕಾದರೆ ತೋಟಾವನ್ನೇ ಬಿಚ್ಚಿ ನೋಡಬೇಕು.

1853ರ ಮಾದರಿಯ ಎನ್‌ಫೀಲ್ಡ್, ನಳಿಗೆಯ ಬಾಯಿಯಿಂದ ಮದ್ದುಗುಂಡು ತುಂಬುವ ಬಂದೂಕು. ನಳಿಗೆಯ ಉದ್ದ 39 ಇಂಚು, ಒಳವ್ಯಾಸ 0.577 ಇಂಚು. ಒಳಗೆ ಸುರುಳಿಯಾಗಿ ಕೊರೆದ ಮೂರು ಗೀರುಗಳು 78 ಇಂಚಿಗೆ ಒಂದು ಸುತ್ತು ಹಾಕುತ್ತವೆ. ಗುಂಡು ಹೊರಬೀಳುವಷ್ಟರಲ್ಲಿ ಅರ್ಧ ಸುತ್ತು ತಿರುಗಿರುತ್ತದೆ. ಸೀಸದ ಗುಂಡಿನ ತೂಕ 530 ಗ್ರೇನ್, ಅಂದರೆ ಸುಮಾರು 34 ಗ್ರಾಂ. ಮೊದಮೊದಲು ಅದರ ವ್ಯಾಸ 0.568 ಇಂಚು ಇತ್ತು. ಮೈಯೆಲ್ಲ ನುಣುಪು, ಜಿಡ್ಡು ಹಿಡಿದಿಡಲು ಅದರ ಮೇಲೆ ಒಂದು ಗೀರೂ ಇಲ್ಲ. ಆ ಕೆಲಸ ಸುತ್ತಿದ ಕಾಗದದ್ದು.

ಗುಂಡು ತೋಟಾದ ಒಂದು ತುದಿಯಲ್ಲಿ, ಮೂತಿ ಮದ್ದಿನ ಕಡೆಗೆ ಮಾಡಿ ಕೂತಿರುತ್ತದೆ. ಸಿಪಾಯಿ ಇನ್ನೊಂದು ತುದಿಯನ್ನು ಕಚ್ಚಿ ಹರಿದು, ಸುಮಾರು 68 ಗ್ರೇನ್ ಮದ್ದನ್ನು ನಳಿಗೆಗೆ ಸುರಿಯಬೇಕು. ಆಮೇಲೆ ತೋಟಾವನ್ನು ತಿರುಗಿಸಿ, ಗುಂಡಿರುವ ತುದಿಯನ್ನು ಕಾಗದಸಮೇತ ನಳಿಗೆಯ ಬಾಯಿಗೆ ತುರುಕಿ, ಮೇಲುಳಿದ ಖಾಲಿ ಕಾಗದ ಹರಿದು ಬಿಸಾಕಿ, ಸಲಾಕೆಯಿಂದ ಒತ್ತಬೇಕು. ಮದ್ದು ಸಿಡಿದಾಗ ಗುಂಡಿನ ಹಿಂಬದಿಯ ಪೊಳ್ಳು ಹಿಗ್ಗಿ ನಳಿಗೆಯ ಗೀರುಗಳನ್ನು ಕಚ್ಚುತ್ತದೆ. ಸೀಸ ನಳಿಗೆಗೆ ಮೆತ್ತಿಕೊಳ್ಳದಂತೆ ಕಾಗದ ತಡೆಯುತ್ತದೆ. ಹೊರಬಿದ್ದೊಡನೆ ಅದು ಕಳಚಿಕೊಳ್ಳಬೇಕು. ಗುಂಡಿಗೆ ಅಂಟಿಕೊಂಡೇ ಹಾರಿದರೆ ಗುರಿ ತಪ್ಪುತ್ತದೆ.

ಜಿಡ್ಡು ಬೇಕಾದದ್ದು ಕರಿಮದ್ದಿನ ಗುಣದಿಂದ. ಉರಿದ ಮದ್ದಿನ ಅರ್ಧಕ್ಕಿಂತ ಹೆಚ್ಚು ತೂಕ ಘನವಾಗಿಯೇ ಉಳಿಯುತ್ತದೆ. ನಮ್ಮ ಬೇಸಿಗೆಯಂಥ ಒಣಹವೆಯಲ್ಲಿ ಆ ಕಿಟ್ಟ ಗಟ್ಟಿಯಾಗಿ, ಕೆಲವು ಸುತ್ತು ಹಾರಿಸುವಷ್ಟರಲ್ಲಿ ಗುಂಡು ಅರ್ಧದಲ್ಲೇ ಸಿಕ್ಕಿಕೊಳ್ಳುತ್ತದೆ. ಜಿಡ್ಡು ಅದನ್ನು ಮೆತ್ತಗಿಡುತ್ತದೆ. ಅಷ್ಟಾದರೂ ಸಾಲದೆ ಮುಂದೆ ಗುಂಡಿನ ವ್ಯಾಸವನ್ನೇ 0.550 ಇಂಚಿಗೆ ಇಳಿಸಬೇಕಾಯಿತು.

ಜಿಡ್ಡು ಅನಿವಾರ್ಯ ನಿಜ, ಆದರೆ ಪ್ರಾಣಿಯ ಕೊಬ್ಬು ಅನಿವಾರ್ಯವಾಗಿರಲಿಲ್ಲ. ಕೊಬ್ಬು ನಮ್ಮ ಬಿಸಿಲಿಗೇ ಕರಗುತ್ತದೆ. ಕರಗಿದ್ದು ಕಾಗದದುದ್ದಕ್ಕೂ ಹರಿದು ಮದ್ದನ್ನು ಕೆಡಿಸುತ್ತದೆ, ದಿನ ಕಳೆದಂತೆ ಸೀಸವನ್ನೂ ತಿನ್ನುತ್ತದೆ. ಜೇನುಮೇಣ ಕರಗಲು 62 ಡಿಗ್ರಿ ಸೆಲ್ಸಿಯಸ್ ದಾಟಬೇಕು. ಹಾಗಾಗಿ ಧರ್ಮದ ಮಾತು ಬದಿಗಿಟ್ಟರೂ ಈ ನಾಡಿಗೆ ಮೇಣವೇ ಸರಿಯಾಗಿತ್ತು. ಮುಂದೆ ಸೇನೆಯೂ ಮೇಣದ ಪಾಲನ್ನೇ ಹೆಚ್ಚಿಸಿತು.

ಕಚ್ಚುವ ತುದಿಗೆ ಜಿಡ್ಡು ಸವರುತ್ತಿರಲಿಲ್ಲ ಎಂದು ಕೆಲವರು ವಾದಿಸುತ್ತಾರೆ. ಅದು ಸರಿಯೇ. ಆದರೆ ಗುಂಡಿನ ತುದಿಯನ್ನು ಕೈಯಲ್ಲಿ ಹಿಡಿಯದೆ ತೋಟಾ ತುಂಬಲಾಗದು, ಮೈಲಿಗೆಗೆ ಅಷ್ಟು ಸಾಕು. ಕೊಬ್ಬು ಯಾವ ಪ್ರಾಣಿಯದೆಂದು ನೋಡಿಕೊಳ್ಳುವ ಎಚ್ಚರವನ್ನೂ ಅಧಿಕಾರಿಗಳು ವಹಿಸಿರಲಿಲ್ಲ. 1857ರ ಆರಂಭದಲ್ಲಿ ಸಿಪಾಯಿಗಳೇ ತಮ್ಮ ಜಿಡ್ಡು ಸವರಿಕೊಳ್ಳಬಹುದು, ಕಚ್ಚದೆ ಕೈಯಿಂದ ಹರಿಯಬಹುದು ಎಂಬ ಆದೇಶಗಳು ಬಂದವು. ಅಷ್ಟರಲ್ಲಿ ಕಾಗದದ ಹೊಳಪೇ ಕೊಬ್ಬಿನದೆಂಬ ಸಂಶಯ ಹುಟ್ಟಿಬಿಟ್ಟಿತ್ತು.