ಲೇವ್ ಗ್ರಹದಿಂದ ಹೊರಟವರು

ಕಪ್ಪು ಪರದೆಯ ಮೇಲೆ ನೀವು ನೋಡುತ್ತಿರುವುದು ಬರೀ ಬಿಳಿ ಗೆರೆಗಳು. ಮೂಲೆ ಕತ್ತರಿಸಿದ ಪೆಟ್ಟಿಗೆಯಂತೆ ನಿಧಾನವಾಗಿ ತಿರುಗುತ್ತಿದೆಯಲ್ಲ, ಅದು ಬಾಹ್ಯಾಕಾಶ ನಿಲ್ದಾಣ. ಅದರ ಮುಖದಲ್ಲಿ ಒಂದು ಕಿಂಡಿ. ನಿಲ್ದಾಣ ತಿರುಗುವ ಲಯಕ್ಕೆ ನೌಕೆಯನ್ನೂ ತಿರುಗಿಸುತ್ತಾ ಒಳಗೆ ಹೋಗಬೇಕು. ಸ್ವಲ್ಪ ಓರೆಯಾದರೂ ನೌಕೆ ಪುಡಿಪುಡಿ. ಸಂಜೆಯಿಂದ ಇದು ನನ್ನ ಏಳನೆಯ ಪ್ರಯತ್ನ.

ಆಟದ ಹೆಸರು ಎಲೀಟ್. 1984ರ ಸೆಪ್ಟೆಂಬರ್‌ನಲ್ಲಿ ಇಂಗ್ಲೆಂಡಿನಲ್ಲಿ ಬಿಬಿಸಿ ಮೈಕ್ರೋ ಕಂಪ್ಯೂಟರಿಗೆ ಬಂತು. ರಚಿಸಿದವರು ಕೇಂಬ್ರಿಜ್‌ನಲ್ಲಿ ಓದುತ್ತಿದ್ದ ಡೇವಿಡ್ ಬ್ರೇಬನ್ ಮತ್ತು ಇಯಾನ್ ಬೆಲ್. ಆ ಯಂತ್ರದ ಮೆಮೊರಿ ಕೇವಲ 32 ಕಿಲೋಬೈಟ್. ಅಷ್ಟರೊಳಗೆ ಎಂಟು ಗ್ಯಾಲಕ್ಸಿಗಳು, ಒಂದೊಂದರಲ್ಲೂ 256 ಗ್ರಹಗಳು! ಇವನ್ನೆಲ್ಲ ಬರೆದಿಡಲು ಜಾಗವೆಲ್ಲಿತ್ತು? ನಾಲ್ಕಾರು ಅಂಕಿಗಳನ್ನು ಬಿತ್ತನೆಬೀಜದಂತೆ ಇಟ್ಟುಕೊಂಡು, ಬೇಕೆಂದಾಗ ಲೆಕ್ಕ ಹಾಕಿ ಗ್ರಹದ ಹೆಸರು, ಆಡಳಿತ, ಸಂತೆಯ ದರ ಎಲ್ಲವನ್ನೂ ಹುಟ್ಟಿಸುತ್ತಿದ್ದರು. ಆದರೆ ಮನುಷ್ಯರ ದುಃಖ ಹಾಗೆ ಲೆಕ್ಕದಿಂದ ಹುಟ್ಟುವುದಿಲ್ಲ. ಅದು ಕಾಗದದ ಮೇಲೆ ಬಂತು.

ಆಟದ ಪೆಟ್ಟಿಗೆಯಲ್ಲಿ ಕೈಪಿಡಿಯ ಜೊತೆಗೆ ಒಂದು ಕಿರುಕಾದಂಬರಿಯೂ ಇತ್ತು: ರಾಬರ್ಟ್ ಹೋಲ್ಡ್‌ಸ್ಟಾಕ್ ಬರೆದ ‘ದಿ ಡಾರ್ಕ್ ವೀಲ್’. ಅಲೆಕ್ಸ್ ರೈಡರ್ ಎಂಬ ಹುಡುಗ ತಂದೆಯೊಂದಿಗೆ ಲೇವ್ ಗ್ರಹದಿಂದ ಹೊರಡುತ್ತಾನೆ. ದಾರಿಯಲ್ಲಿ ಇನ್ನೊಂದು ನೌಕೆ ಅವರ ಮೇಲೆ ಎರಗುತ್ತದೆ. ಮಗ ಬದುಕುತ್ತಾನೆ, ತಂದೆ ಉಳಿಯುವುದಿಲ್ಲ. ಕೊಂದವನ ಬೆನ್ನು ಹತ್ತಲು ಹುಡುಗ ಸರಕು ಸಾಗಿಸುವ ವ್ಯಾಪಾರಿಯಾಗುತ್ತಾನೆ.

ಪುಸ್ತಕ ಮುಚ್ಚಿ ಆಟ ಶುರು ಮಾಡಿದರೆ ನೀವು ನಿಂತಿರುವುದೂ ಲೇವ್‌ನಲ್ಲೇ. ಕೈಯಲ್ಲಿ ನೂರು ಕ್ರೆಡಿಟ್, ಒಂದು ಕೋಬ್ರಾ ನೌಕೆ. ಇದು ನನ್ನನ್ನು ಇಂದಿಗೂ ಬೆರಗುಗೊಳಿಸುತ್ತದೆ. ಓದುವ ಮೊದಲು ದೂರದಲ್ಲಿ ಚುಕ್ಕಿಯೊಂದು ಕಂಡರೆ ಗುರಿಯಿಟ್ಟು ಹೊಡೆಯುತ್ತಿದ್ದೆ. ಈಗ ಬೆರಳು ತಡೆಯುತ್ತದೆ. ಆ ನಾಲ್ಕು ಗೆರೆಗಳೊಳಗೂ ಒಬ್ಬ ತಂದೆ, ಒಬ್ಬ ಮಗ ಇರಬಹುದಲ್ಲ?

ಅದೇ ಪುಸ್ತಕದಲ್ಲಿ ರಾಕ್ಸ್‌ಲಾ ಎಂಬ ದಂತಕಥೆಯ ಗ್ರಹದ ಹೆಸರು ಬರುತ್ತದೆ. ಹಳೆಯ ಆಟದ ನಕ್ಷೆಯಲ್ಲಿ ಅದು ಇಲ್ಲ. 2014ರಲ್ಲಿ ಇದೇ ಆಟದ ಹೊಸ ಅವತಾರ ಎಲೀಟ್ ಡೇಂಜರಸ್ ಬಂದಾಗ ನಕ್ಷತ್ರ ಮಂಡಲಗಳ ಸಂಖ್ಯೆ 40,000 ಕೋಟಿಗೆ ಏರಿತು. ಆಟಗಾರರು ಮತ್ತೆ ಹುಡುಕಲು ಹೊರಟರು. ರಾಕ್ಸ್‌ಲಾ ಇನ್ನೂ ಸಿಕ್ಕಿಲ್ಲ. ಒಂದು ತೆಳು ಪುಸ್ತಕದ ಒಂದು ಪದಕ್ಕಾಗಿ ಜನ ರಾತ್ರಿಗಟ್ಟಲೆ ಎದ್ದು ಕೂರುತ್ತಾರೆ. ಅವರ ಮೇಲೆ ನನಗೆ ತುಂಬು ಪ್ರೀತಿ.

ಇಗೋ, ಕಿಂಡಿ ಅಡ್ಡಸಾಲಿಗೆ ಬರುತ್ತಿದೆ. ಸ್ವಲ್ಪ ಹೊತ್ತು ಮಾತು ನಿಲ್ಲಿಸುತ್ತೇನೆ.