ಮಿಕ್ಸಿ ಇರಲಿ, ಪಾರ್ಸೆಲ್ ಬೇಡ

ನಮಸ್ಕಾರ ಎಲ್ಲರಿಗೂ. ಇವತ್ತು ದೂರ ಎಲ್ಲೂ ಇಲ್ಲ, ನಮ್ಮ ದಾವಣಗೆರೆಯಲ್ಲೇ ಸುತ್ತಾಟ.

"ಹಿಂದಿನ ಕಾಲದಲ್ಲಿ ಈ ಮಷಿನ್ ಯಾವುದೂ ಇರಲಿಲ್ಲ, ಆದರೂ ಜನ ನೆಮ್ಮದಿಯಾಗಿದ್ದರು." ಈ ಮಾತು ಮದುವೆ ಮನೆಯಲ್ಲಿ, ಬಸ್ಸಿನಲ್ಲಿ, ವಾಟ್ಸಾಪಿನಲ್ಲಿ ಕಿವಿಗೆ ಬೀಳುತ್ತಲೇ ಇರುತ್ತದೆ ಅಲ್ವಾ? ನಮ್ಮ ಅವ್ವನನ್ನು ಕೇಳಿದೆ. "ನೆಮ್ಮದಿಯಾಗಿದ್ದವರು ಗಂಡಸರು ಇರಬೇಕು ನೋಡು. ನಮಗೆ ಕೂರೋಕೇ ಪುರುಸೊತ್ತು ಇರಲಿಲ್ಲ" ಅಂದಳು.

ಇದು ನಮ್ಮ ಹಿತ್ತಲಿನ ಒರಳು ಕಲ್ಲು. ಇದರ ಗುಂಡುಕಲ್ಲು ಈಗ ಹಿತ್ತಲ ಬಾಗಿಲು ಗಾಳಿಗೆ ಬಡಿಯದ ಹಾಗೆ ಕಾವಲು ಕೂತಿದೆ. ವಿಡಿಯೋಗೆ ಅಂತ ನಾನೂ ಒಂದಿಷ್ಟು ಅಕ್ಕಿ, ಉದ್ದಿನಬೇಳೆ ಹಾಕಿ ರುಬ್ಬಿದೆ. ಹಿಟ್ಟು ಇನ್ನೂ ತರಿತರಿಯಾಗಿರುವಾಗಲೇ ಭುಜ ಕೈಕೊಟ್ಟಿತು. ಒರಳಲ್ಲಿ ರುಬ್ಬಿದ ಹಿಟ್ಟಿನ ರುಚಿಯೇ ಬೇರೆ ಅನ್ನುವವರು ಬಹಳ ಜನ. ಅವರಲ್ಲಿ ದಿನಾ ರುಬ್ಬಿದವರು ಎಷ್ಟು ಜನ? ಅವ್ವ ಮಾತ್ರ ಮಿಕ್ಸಿಗೆ ಪ್ರತಿ ಆಯುಧಪೂಜೆಗೂ ತಪ್ಪದೆ ಕುಂಕುಮ ಇಡುತ್ತಾಳೆ.

ನೀರಿನ ವಿಷಯವೂ ಅಷ್ಟೇ. ಹದಿನೈದು ಲೀಟರಿನ ಕೊಡ ಅಂದರೆ ನೀರಿನ ಭಾರವೇ ಹದಿನೈದು ಕೆಜಿ, ಅದೂ ಸೊಂಟದ ಮೇಲೆ. ಆ ಭಾರ ಇಳಿಸಿದ ನಲ್ಲಿಯನ್ನು ಬೈಯಲು ನನಗಂತೂ ಬಾಯಿ ಬರಲ್ಲ.

ಈಗ ಕಾಣುತ್ತಿರುವುದು ಕುಂದುವಾಡ ಕೆರೆ. ಭದ್ರಾ ನಾಲೆಯ ನೀರು ಇಲ್ಲಿಗೆ ಬಂದು ತುಂಬಿ, ಊರಿನ ನಲ್ಲಿಗಳಿಗೆ ಹೋಗುತ್ತದೆ. ಏರಿ ಮೇಲೆ ನೋಡಿ, ಬೆಳಗ್ಗೆ ಬೆಳಗ್ಗೆಯೇ ಎಷ್ಟು ಜನ ವಾಕಿಂಗ್! ಮನೆಯಿಂದ ಇಲ್ಲಿವರೆಗೆ ಬೈಕಲ್ಲಿ ಬಂದು, ಬೈಕ್ ನಿಲ್ಲಿಸಿ, ಆಮೇಲೆ ನಡೆಯುತ್ತಾರೆ. ಆಗ ನೀರಿಗಾಗಿ ನಡೆಯುತ್ತಿದ್ದರು, ಈಗ ಶುಗರ್‌ಗಾಗಿ ನಡೆಯುತ್ತಾರೆ. ನಗಬೇಡಿ, ನಾನೂ ಬೈಕಲ್ಲೇ ಬಂದದ್ದು.

ನನ್ನ ತಕರಾರು ಇರುವುದು ಬೇರೆ ಕಡೆ. ಬೆಣ್ಣೆ ದೋಸೆಯನ್ನು ಫೋನಿನಲ್ಲಿ ಮನೆಗೆ ತರಿಸುವುದಿದೆಯಲ್ಲ, ಅಲ್ಲಿ.

ಹೋಟೆಲಿನಲ್ಲಿ ನೋಡಿ. ಸೌದೆ ಒಲೆ, ದಪ್ಪ ಹಂಚು. ಹಿಟ್ಟು ಹುಯ್ದ ತಕ್ಷಣ ಚುರ್ ಅನ್ನುತ್ತದೆ, ಮೇಲೆಲ್ಲ ಸಣ್ಣ ಸಣ್ಣ ತೂತು ಏಳುತ್ತವೆ, ಬೆಣ್ಣೆ ಆ ತೂತುಗಳೊಳಗೆ ಇಳಿಯುತ್ತದೆ. ಅಂಚು ಗರಿಗರಿ, ನಡುವೆ ಮೆತ್ತಗೆ. ಜೊತೆಗೆ ಬಿಳಿ ಆಲೂಗಡ್ಡೆ ಪಲ್ಯ, ಕಾಯಿ ಚಟ್ನಿ. ಇದನ್ನೇ ಡಬ್ಬಿಯಲ್ಲಿ ಮುಚ್ಚಿದರೆ ಬಿಸಿಯ ಹಬೆ ಹೊರಗೆ ಹೋಗಲ್ಲ, ನೀರಾಗಿ ದೋಸೆ ಮೇಲೇ ಕೂರುತ್ತದೆ. ಮನೆ ಮುಟ್ಟುವಷ್ಟರಲ್ಲಿ ಒದ್ದೆ ಬಟ್ಟೆ! ಅದಕ್ಕೆ ಡೆಲಿವರಿ ಚಾರ್ಜು ಬೇರೆ.

ದೋಸೆ ಮೆತ್ತಗಾದರೆ ಹಾಳಾಗಿ ಹೋಗಲಿ. ಹೋಟೆಲಿನಲ್ಲಿ ಕಾಯುವ ಆ ಹತ್ತು ನಿಮಿಷ ಇದೆಯಲ್ಲ, ನನಗೆ ಬೇಕಾಗಿರುವುದು ಅದು. "ಮೆಕ್ಕೆಜೋಳ ಎಷ್ಟಕ್ಕೆ ಹೋತ್ರಿ?" ಅಂತ ಒಬ್ಬರು ಕೇಳುತ್ತಾರೆ. ಇನ್ನೊಬ್ಬರು ಮಗಳಿಗೆ ಗಂಡು ಹುಡುಕುತ್ತಿರುತ್ತಾರೆ. ಗುರುತಿಲ್ಲದವರೂ "ಈ ಕಡೆ ಕೂತ್ಕೊಳ್ರಿ" ಅಂತ ಸರಿದು ಜಾಗ ಕೊಡುತ್ತಾರೆ. ಮನೆಗೆ ತರಿಸಿದರೆ ಇದ್ಯಾವುದೂ ಇಲ್ಲ. ಉಳಿದ ಅರ್ಧ ಗಂಟೆ ಎಲ್ಲಿ ಹೋಯಿತು ಅಂತ ನೋಡಿದರೆ ಸೋಫಾ ಮೇಲೆ ಬಿದ್ದುಕೊಂಡು ರೀಲ್ಸ್ ನೋಡಿರುತ್ತೇನೆ. ಮಿಕ್ಸಿ ಉಳಿಸಿದ ಹೊತ್ತಿನಲ್ಲಿ ಅವ್ವ ಸಂಘಕ್ಕೆ ಹೋದಳು, ಟೈಲರಿಂಗ್ ಕಲಿತಳು. ಆಪ್ ಉಳಿಸಿದ ಹೊತ್ತನ್ನು ಇನ್ನೊಂದು ಆಪ್ ತಿಂದಿತು.

ಹಾಸಿಗೆ ಹಿಡಿದ ವಯಸ್ಸಾದವರಿಗೆ, ಕೂಸು ಎತ್ತಿಕೊಂಡ ಬಾಣಂತಿಗೆ ಇದೇ ಪಾರ್ಸೆಲ್ ದೊಡ್ಡ ಉಪಕಾರ. ಅದು ಬೇರೆ ಮಾತು. ನಾನು ಹೇಳುತ್ತಿರುವುದು ಕಾಲು ಗಟ್ಟಿ ಇರುವ ನನ್ನಂಥವರಿಗೆ.

ಕೊನೆಗೆ ಬಂದದ್ದು ಮಂಡಕ್ಕಿ ಭಟ್ಟಿಗಳ ಕಡೆ. ಕಾದ ಮರಳಿಗೆ ಅಕ್ಕಿ ಬಿದ್ದ ಕೂಡಲೇ ಅರಳಿ ಮಂಡಕ್ಕಿಯಾಗುತ್ತದೆ. ನೋಡಲು ಚೆಂದ. ಒಲೆ ಮುಂದೆ ನಿಂತವರಿಗೆ ಮಾತ್ರ ಉರಿ, ಹೊಗೆ, ಬೆವರು. ನಮ್ಮ ಅಡುಗೆಮನೆಗೆ ಗ್ಯಾಸ್ ಬಂದು ಎಷ್ಟೋ ಕಾಲವಾಯಿತು. ಸಂಜೆಯ ಖಾರ ಮಂಡಕ್ಕಿ ಮಾತ್ರ ಇನ್ನೂ ಇನ್ನೊಬ್ಬರ ಕಣ್ಣುರಿಯಿಂದಲೇ ಬರುತ್ತಿದೆ. ಮಷಿನ್ ಬಂದರೆ ಒಳ್ಳೆಯದಲ್ವಾ ಅಂತ ಅಲ್ಲಿದ್ದ ಅಣ್ಣನನ್ನು ಕೇಳಿದೆ. "ಬರ್ಲಿ ಬಿಡ್ರಿ, ಆದ್ರೆ ನನ್ನ ಕೂಲಿ ಯಾರು ಕೊಡ್ತಾರೆ ಅಂತ ಮೊದ್ಲು ಹೇಳ್ರಿ" ಅಂದರು.

ನನ್ನ ಹತ್ತಿರ ಉತ್ತರ ಇರಲಿಲ್ಲ. ಮುಂದಿನ ವಿಡಿಯೋದಲ್ಲಿ ಅವರ ಜೊತೆಯೇ ಕೂತು ಮಾತಾಡೋಣ. ಒಪ್ಪಿದ್ದಾರೆ, ಆದರೆ ಒಲೆ ಹಚ್ಚುವ ಮೊದಲೇ ಬರಬೇಕಂತೆ.