ಸಾಕವ್ವ ಕೇಳಿದ್ದು ಅವಳ ಹುಂಜವನ್ನು

ನಮಸ್ಕಾರ. ಮಂಡ್ಯದಿಂದ ಮಾತಾಡುತ್ತಿದ್ದೇನೆ.

2024ರ ನವೆಂಬರಿನಲ್ಲಿ ನಮ್ಮ ಹನಕೆರೆಯಲ್ಲಿ ದಲಿತರು ಕಾಲಭೈರವೇಶ್ವರ ಸ್ವಾಮಿ ದೇವಸ್ಥಾನದ ಒಳಗೆ ಮೊದಲ ಸಲ ಹೋದರು. ಅದೂ ಪೊಲೀಸರ ಕಾವಲಿನಲ್ಲಿ. ಸಿಟ್ಟಾದ ಮೇಲ್ಜಾತಿಯ ಕೆಲವರು ಉತ್ಸವ ಮೂರ್ತಿಯನ್ನೇ ಎತ್ತಿಕೊಂಡು ಹೊರಗೆ ಬಂದರು. ಗುಡಿ ಬೇಕಾದರೆ ನೀವೇ ಇಟ್ಟುಕೊಳ್ಳಿ, ದೇವರು ಮಾತ್ರ ನಮ್ಮದು ಅನ್ನುವ ಧಾಟಿ. ಹನಕೆರೆ ಏನು ಕಾಡಿನ ಮೂಲೆಯಲ್ಲಿಲ್ಲ. ಮದ್ದೂರಿನಿಂದ ಮಂಡ್ಯಕ್ಕೆ ಬರುವಾಗ ದಾರಿಯಲ್ಲೇ ಸಿಗುತ್ತೆ. ಅಲ್ಲಿ ಒಂದು ರೈಲ್ವೆ ಸ್ಟೇಷನ್ ಕೂಡ ಇದೆ. ಸಂವಿಧಾನ ಜಾರಿಯಾಗಿ 74 ವರ್ಷ ಆಗಿತ್ತು ಆಗ.

ಈ ಸುದ್ದಿ ಬಂದಾಗ ನಮ್ಮವರು ಹೇಳಿದ ಮೊದಲ ಮಾತು ಏನು ಗೊತ್ತಾ? 'ಜಿಲ್ಲೆಗೆ ಕೆಟ್ಟ ಹೆಸರು ಬಂತು.' ಹೆಸರಿನ ಚಿಂತೆ! ಒಳಗೆ ಹೋದವರ ಮುಂದೆಯೇ ದೇವರನ್ನು ಹೊತ್ತುಕೊಂಡು ಹೋದರಲ್ಲ, ಅವರಿಗೆ ಹೇಗಾಗಿರಬೇಕು ಅಂತ ಕೇಳಿದವರು ಕಮ್ಮಿ.

ನಾನು ಒಕ್ಕಲಿಗರ ಮನೆಯಲ್ಲಿ ಹುಟ್ಟಿದವನು. ಹಾಗಾಗಿ ಇವತ್ತಿನ ಮಾತು ಜಾಸ್ತಿ ನಮ್ಮವರಿಗೇ. ದಲಿತರಿಗೆ ಜಾತಿ ಅಂದರೆ ಏನು ಅಂತ ನಾನು ಹೇಳಿಕೊಡಬೇಕಾಗಿಲ್ಲ.

ಮೈಸೂರು, ಮಂಡ್ಯ ಅಂದರೆ ನಮಗೆಲ್ಲ ಸಾಹಿತ್ಯದ ಹೆಮ್ಮೆ. ಕುವೆಂಪು ಮಹಾರಾಜ ಕಾಲೇಜಿನಲ್ಲಿ ಪಾಠ ಮಾಡಿದರು, ಮೈಸೂರು ವಿಶ್ವವಿದ್ಯಾನಿಲಯಕ್ಕೆ ಕುಲಪತಿಯಾದರು. ಬೀದಿ ಗುಡಿಸುವವನ ಹತ್ತಿರ ಶಿವನೇ ಜಲಗಾರನಾಗಿ ಬರುವ ನಾಟಕ ಬರೆದರು. ನಂಜನಗೂಡು ತಾಲ್ಲೂಕಿನ ದೇವನೂರಿನಿಂದ ಸಾಹಿತಿ ಮಹಾದೇವ ಬಂದರು. ನಮ್ಮ ಮಳವಳ್ಳಿ ಸೀಮೆಯಲ್ಲಿ ಮಂಟೇಸ್ವಾಮಿ ಕಥೆಯನ್ನು ಆ ಪರಂಪರೆಯ ಹಾಡುಗಾರರಾದ ನೀಲಗಾರರು ರಾತ್ರಿಯೆಲ್ಲ ಹಾಡುತ್ತಾರೆ. ಇದನ್ನೆಲ್ಲ ವೇದಿಕೆ ಮೇಲೆ ಹೇಳಿ ಚಪ್ಪಾಳೆ ಹೊಡೆಸಿಕೊಳ್ಳುತ್ತೇವೆ. ಆದರೆ ಆ ಬರಹ, ಆ ಹಾಡು ನಮ್ಮಿಂದ ಏನು ಕೇಳುತ್ತಿದೆ? ಅದನ್ನು ಕೊಡೋಕೆ ನಾವು ತಯಾರಿಲ್ಲ. ನನ್ನ ತಕರಾರು ಇಷ್ಟೇ.

ಮಂಟೇಸ್ವಾಮಿ ಕಥೆಯನ್ನೇ ನೋಡಿ. ಸ್ವಾಮಿ ಕಲ್ಯಾಣಕ್ಕೆ ಬರುತ್ತಾನೆ. ಬಸವಣ್ಣನ ಕಲ್ಯಾಣ, ಎಲ್ಲರೂ ಸಮ ಅಂತ ಸಾರಿದ ಊರು. ಅದು ನಿಜವೋ ಸುಳ್ಳೋ ಪರೀಕ್ಷೆ ಮಾಡಬೇಕು ಅಂತಲೇ ಬರುತ್ತಾನೆ. ಮಡಿ ಉಟ್ಟುಕೊಂಡು ಬರೋದಿಲ್ಲ. ಮುಟ್ಟಿಸಿಕೊಳ್ಳದವನ ವೇಷದಲ್ಲಿ, ಹೆಂಡ ಹಿಡಿದುಕೊಂಡು, ನೊಣ ಮುತ್ತುವ ಹಾಗೆ ಬರುತ್ತಾನೆ. ಬಾಗಿಲಲ್ಲೇ ತಡೆಯುತ್ತಾರೆ. ತಿಪ್ಪೆಯಲ್ಲಿ ಬಿದ್ದಿರುತ್ತಾನೆ. ಬಸವಣ್ಣ ಆ ತಿಪ್ಪೆಯ ತನಕ ಬಂದು ಹುಡುಕಬೇಕಾಗುತ್ತದೆ. ಸಮಾನತೆ ಸಾರಿದ ಊರಿಗೇ ಹೀಗೆ ಪರೀಕ್ಷೆ ಇಟ್ಟ ಕಥೆ ಇದು! ತಂಬೂರಿ ಹಿಡಿದು, ಗಗ್ಗರ ಕುಟ್ಟಿಕೊಂಡು ಇದನ್ನು ಹಾಡಿದವರು ಓದು ಬರಹ ಬಲ್ಲ ಪಂಡಿತರಲ್ಲ. ಈ ಪರಂಪರೆಯ ಜಾತ್ರೆ ನಡೆಯುವ ಬೊಪ್ಪೇಗೌಡನಪುರಕ್ಕೆ, ಕಪ್ಪಡಿಗೆ, ಚಿಕ್ಕಲ್ಲೂರಿಗೆ ಇವತ್ತಿಗೂ ನಮ್ಮ ಜನ ಟ್ರ್ಯಾಕ್ಟರ್ ಕಟ್ಟಿಕೊಂಡು ಹೋಗುತ್ತಾರೆ. ಒಕ್ಕಲಿಗರೂ ಹೋಗುತ್ತಾರೆ. ಚಿಕ್ಕಲ್ಲೂರಿನಲ್ಲಿ ಎಲ್ಲ ಜಾತಿಯವರೂ ಸಾಲಾಗಿ ಕೂತು ಉಣ್ಣುವ ಪಂಕ್ತಿಸೇವೆ ಮಾಡುತ್ತಾರೆ, ಬಾಡೂಟ ಉಣ್ಣುತ್ತಾರೆ. ಜಾತ್ರೆ ಮುಗಿಸಿ ಊರಿಗೆ ಬಂದರೆ, ಅದೇ ಹಳೇ ಕೇರಿ, ಅದೇ ಹಳೇ ಗೆರೆ.

ಇನ್ನು ದೇವನೂರ ಮಹಾದೇವರ 'ಒಡಲಾಳ'. ಓದಿಲ್ಲದಿದ್ದರೆ ದಯವಿಟ್ಟು ಓದಿ, ಸಣ್ಣ ಪುಸ್ತಕ. ಅದರಲ್ಲೊಂದು ರಾತ್ರಿ ಇದೆ. ಮನೆಗೆ ಒಂದು ಮೂಟೆ ಕಡ್ಲೇಕಾಯಿ ಬರುತ್ತದೆ, ಕದ್ದ ಮಾಲು. ಮುದುಕಿ ಸಾಕವ್ವನಿಂದ ಹಿಡಿದು ಚಿಳ್ಳೆಪಿಳ್ಳೆಗಳವರೆಗೆ ಎಲ್ಲರೂ ಬೆಂಕಿ ಸುತ್ತ ಕೂತು ತಿನ್ನುತ್ತಾರೆ. ಸಿಪ್ಪೆಯನ್ನು ಅಲ್ಲೇ ಉರಿಗೆ ಹಾಕುತ್ತಾರೆ. ಆ ಮನೆಯವರು ಅಷ್ಟು ಖುಷಿಯಾಗಿರೋದು ಆ ರಾತ್ರಿ ಮಾತ್ರ. ಆಮೇಲೆ ಪೊಲೀಸರು ಬರುತ್ತಾರೆ.

ಇದನ್ನು ಓದಿದವರು, ಪಾಠ ಮಾಡುವ ಮೇಷ್ಟ್ರುಗಳೂ ಸೇರಿ, 'ಅಯ್ಯೋ ಪಾಪ, ಎಂಥಾ ಬಡತನ' ಅಂತಾರೆ. ನನಗೆ ಅದು ಸರಿ ಕಾಣೋದಿಲ್ಲ. ಸಾಕವ್ವ ಯಾವತ್ತು ನಮ್ಮ ಕನಿಕರ ಕೇಳಿದಳು? ಅವಳು ಹುಡುಕುತ್ತಿರೋದು ಕಳೆದುಹೋದ ತನ್ನ ಹುಂಜವನ್ನು. ಅದು ಅವಳದು, ಅವಳಿಗೆ ವಾಪಸ್ ಬೇಕು. ಅವಳ ಬಾಯಿ, ಅವಳ ಬೈಗುಳ, ಅವಳ ಹಟ, ಎಲ್ಲವೂ ಹಕ್ಕಿನ ಮಾತೇ. ಹಕ್ಕಿನ ಮಾತನ್ನು ನಾವು ಅಳುವಿನ ಮಾತು ಅಂತ ಕೇಳಿಸಿಕೊಂಡರೆ ನಮಗೆ ಆರಾಮ. ಕಣ್ಣೀರು ಒರೆಸಿಕೊಂಡು ಮನೆಗೆ ಹೋಗಬಹುದು. ಹುಂಜ ಕೊಡಬೇಕಾಗಿಲ್ಲ.

ಕೇಳಿದಾಗಲೆಲ್ಲ ನಾವು ಹೇಗೆ ನಡೆದುಕೊಂಡಿದ್ದೇವೆ ನೋಡಿ. 1973ರ ನವೆಂಬರ್, ಮೈಸೂರು. ಸಚಿವ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಅಂದರು. ಒಪ್ಪಬಹುದಿತ್ತು, ಬಿಡಬಹುದಿತ್ತು, ವಾದ ಮಾಡಬಹುದಿತ್ತು. ಆದರೆ ವಿರೋಧಿಸಿದವರು ಬೀದಿಗಿಳಿದರು. ದಲಿತ ಹುಡುಗರ ಮೇಲೆ ಕೈ ಮಾಡಿದರು. ಸಚಿವರು ಕುರ್ಚಿ ಬಿಡಬೇಕಾಯಿತು. ತಲೆ ಮೇಲೆ ಮಲ ಹೊರುವ ಪದ್ಧತಿ ನಿಲ್ಲಿಸೋಕೆ ಹೊರಟ ಮನುಷ್ಯ ಆತ. ಆ ಗಲಾಟೆಯಲ್ಲಿ ಏಟು ತಿಂದ ತಲೆಮಾರೇ ಮುಂದೆ ದಲಿತ ಸಂಘರ್ಷ ಸಮಿತಿ ಕಟ್ಟಿತು, ಕನ್ನಡಕ್ಕೆ ಹೊಸ ಸಾಹಿತ್ಯ ಕೊಟ್ಟಿತು. ಇವತ್ತು ನಾವು ಹೆಮ್ಮೆ ಪಡುವುದು ಅದರ ಬಗ್ಗೆಯೇ.

ಬದನವಾಳು ಇರೋದೂ ದೇವನೂರು ಇರುವ ಅದೇ ನಂಜನಗೂಡು ತಾಲ್ಲೂಕಿನಲ್ಲಿ. ಖಾದಿಗೆ ಹೆಸರಾದ ಊರು. ಅಲ್ಲಿ ಸಿದ್ಧೇಶ್ವರ ದೇವಸ್ಥಾನದ ಪ್ರವೇಶದ ವಿಚಾರಕ್ಕೆ ಶುರುವಾದ ಜಗಳ 1993ರ ಮಾರ್ಚಿನಲ್ಲಿ ಮೂವರು ದಲಿತರ ಕೊಲೆಯಲ್ಲಿ ಮುಗಿಯಿತು. ಅವರಲ್ಲಿ ಅಪ್ಪ ಮಗ ಇಬ್ಬರೂ ಇದ್ದರು. ಅದೇ ತಾಲ್ಲೂಕಿನ ಹಲ್ಲರೆಯಲ್ಲಿ 2020ರಲ್ಲಿ ದಲಿತರಿಗೆ ಕಟಿಂಗ್ ಮಾಡಿದ ಅಂತ ಸಲೂನಿನವನಿಗೇ ದಂಡ, ಬಹಿಷ್ಕಾರ ಹಾಕಿದರು ಎಂದು ಆತ ದೂರಿದ. ಅಂದರೆ ಗೆರೆ ದಾಟಿ ಬಂದವರಿಗಷ್ಟೇ ಅಲ್ಲ, ಬಾ ಅಂತ ಕರೆದವರಿಗೂ ಶಿಕ್ಷೆ.

ಈಗ ನಾನು ಹೇಳಲೇಬೇಕಾದ ವಿಚಾರಕ್ಕೆ ಬರುತ್ತೇನೆ. ಶಾಂತಿ ಸಭೆ. ನಮ್ಮ ಕಡೆ ಇಂಥದ್ದೇನಾದರೂ ಆದರೆ ತಹಶೀಲ್ದಾರ್ ಬರುತ್ತಾರೆ, ಇನ್ಸ್‌ಪೆಕ್ಟರ್ ಬರುತ್ತಾರೆ, ಶಾಮಿಯಾನ ಹಾಕಿ ಪ್ಲಾಸ್ಟಿಕ್ ಕುರ್ಚಿ ಇಡುತ್ತಾರೆ. ಊರಿನ ಯಜಮಾನರು ಮುಂದೆ, ಕೇರಿಯವರು ಹಿಂದೆ. ಅಣ್ಣತಮ್ಮಂದಿರ ಥರ ಇದ್ದೋರು ನಾವು, ಯಾರೋ ಹೊರಗಿನವರು ಹುಳಿ ಹಿಂಡಿದರು ಅಂತ ಮಾತು ಶುರುವಾಗುತ್ತದೆ. ಕೊನೆಗೆ 'ನೀವೇ ಸ್ವಲ್ಪ ಹೊಂದಿಕೊಂಡು ಹೋಗ್ರಪ್ಪ' ಅಂತ ಹೇಳೋದು ಯಾರಿಗೆ? ಹಿಂದೆ ಕೂತವರಿಗೆ! ಬಾಗಿಲು ಹಾಕಿದವರಿಗಲ್ಲ.

ಯಾವ ಲೆಕ್ಕದಲ್ಲಿ ಇದು ನ್ಯಾಯ? ಅಸ್ಪೃಶ್ಯತೆ ಆಚರಣೆಯನ್ನು ಸಂವಿಧಾನದ 17ನೇ ವಿಧಿ ರದ್ದು ಮಾಡಿದೆ. ಗುಡಿಯೊಳಗೆ ಹೋಗದಂತೆ ತಡೆದರೆ ಅದು 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯಲ್ಲೇ ಅಪರಾಧ. 1989ರ ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ಮಾಡಿದ ತಿದ್ದುಪಡಿಯಲ್ಲಿ ಸಾಮಾಜಿಕ ಬಹಿಷ್ಕಾರವನ್ನೂ ಸೇರಿಸಿದ್ದಾರೆ. ಅಪರಾಧ ಮಾಡಿದವನ ಜೊತೆ ರಾಜಿ ಮಾಡಿಕೊಳ್ಳಿ ಅಂತ ಅನ್ಯಾಯ ಆದವನಿಗೆ ಹೇಳಿದರೆ ಅದು ಶಾಂತಿ ಆಗೋದಿಲ್ಲ, ಬಾಯಿ ಮುಚ್ಚಿಸಿದ ಹಾಗೆ ಆಗುತ್ತದೆ.

ಕಾನೂನಿದ್ದೂ ಸಭೆ ಹೀಗೇ ಮುಗಿಯೋಕೆ ಕಾರಣ ಇದೆ. ಜಮೀನು ಯಾರ ಹೆಸರಲ್ಲಿದೆ ನೋಡಿ. ಕಬ್ಬು ಕಡಿಯುವ ಕೂಲಿ ಕೊಡೋನು, ಕಷ್ಟಕ್ಕೆ ಸಾಲ ಕೊಡೋನು, ಡೈರಿಯಲ್ಲಿ ಹಾಲು ಅಳೆಸಿಕೊಳ್ಳೋನು, ಎಲ್ಲ ಮುಂದಿನ ಸಾಲಿನಲ್ಲಿ ಕೂತಿರುತ್ತಾರೆ. ಹಿಂದಿನವನು ದೂರು ಕೊಟ್ಟರೆ ನಾಳೆ ಬೆಳಗ್ಗೆ ಕೆಲಸಕ್ಕೆ ಕರೆಯೋರಿಲ್ಲ. ಅಂಥಾ ಮನುಷ್ಯ ಸಭೆಯಲ್ಲಿ 'ಆಯ್ತು ಬುದ್ಧಿ' ಅಂದರೆ ಅದನ್ನು ಒಪ್ಪಿಗೆ ಅಂತ ಬರೆದುಕೊಳ್ಳುತ್ತಾರೆ.

ಅದಕ್ಕೇ ನಮ್ಮವರಲ್ಲಿ ಓದಿದವರಿಗೆ, ಕುವೆಂಪು ಸಾಲನ್ನು ವಾಟ್ಸಾಪ್ ಸ್ಟೇಟಸ್ ಹಾಕಿಕೊಳ್ಳುವವರಿಗೆ ಕೈ ಮುಗಿದು ಕೇಳುತ್ತೇನೆ. ಬೆಂಗಳೂರಿನಲ್ಲಿ ಕೂತು ಪೋಸ್ಟ್ ಹಾಕಿದರೆ ಸಾಲದು. ನಿಮ್ಮೂರಿನ ಸಭೆಗೆ ಹೋಗಿ. ನಿಮ್ಮ ದೊಡ್ಡಪ್ಪ, ನಿಮ್ಮ ಮಾವ ಕೂತಿರುವ ಮುಂದಿನ ಸಾಲಿನಲ್ಲೇ ಎದ್ದು ನಿಲ್ಲಿ. 'ತಡೆದೋರು ನಾವು, ಬಾಗಿಲು ತೆಗೀಬೇಕಾದೋರೂ ನಾವೇ, ಇದರಲ್ಲಿ ಅವರನ್ನ ಕೇಳೋದೇನಿದೆ ದೊಡ್ಡಪ್ಪ' ಅಂತ ಹೇಳಿ. ಮನೆಯಲ್ಲಿ ಜಗಳ ಆಗುತ್ತೆ, ಆಗಲಿ. ಮುಯ್ಯಿ, ತಿಥಿಗೆ ಕರೆಯದೇ ಹೋಗಬಹುದು. ಕೇರಿಯ ಹುಡುಗ ಅದೇ ಮಾತು ಆಡಿದರೆ ಅವನ ಕೂಲಿ ಹೋಗುತ್ತದೆ, ಒಮ್ಮೊಮ್ಮೆ ಜೀವವೇ ಹೋಗುತ್ತದೆ. ಸಭೆಯಲ್ಲಿ ಏನಾದರೂ ಬರೆದು ಸಹಿ ಹಾಕಿಸಿಕೊಂಡಿದ್ದರೆ ಅದರ ಫೋಟೋ ತೆಗೆದುಕೊಳ್ಳಿ, ಜಿಲ್ಲಾಧಿಕಾರಿಗೆ ಕಳಿಸಿ. ದೂರು ಕೊಡುವವರ ಜೊತೆ ಸಾಕ್ಷಿಯಾಗಿ ನಿಮ್ಮ ಹೆಸರೂ ಇರಲಿ.